ಹುಲ್ಲಿನ ಫಾನ್, ಬಿದಿರಿನ ಫಾನ್

ಕಸದ ಲಾರಿ ಈಗ ಯಾವ ಬೀದಿಯಲ್ಲಿದೆ ಎಂಬುದರಿಂದ ಹಿಡಿದು ಆಸ್ಪತ್ರೆಯಲ್ಲಿ ಎಷ್ಟನೇ ನಂಬರು ಕೂಗಿದರು ಎಂಬುದರವರೆಗೆ ಆ ಮನೆಯ ಸಕಲ ವ್ಯವಹಾರವೂ ಸೊಸೆ ಶುಯ್‌ಚಿನ್‌ಳ ಫೋನಿನೊಳಗೆ ಸೇರಿಹೋಗಿ ಬಹಳ ಕಾಲವಾಗಿತ್ತು. ಇದರಿಂದ ಅತ್ತೆ ಗುಯ್‌ಮೋಯ್‌ಗೆ ಆದ ಉಪಕಾರ ಅಷ್ಟಿಷ್ಟಲ್ಲ. ಮೊದಲೆಲ್ಲ ಸಂಜೆಯಾದರೆ ಕಸದ ಚೀಲ ಹಿಡಿದು ಬೀದಿಯ ತುದಿಯಲ್ಲಿ ಅರ್ಧ ಗಂಟೆ ಕಾಲು ನೋಯಿಸಿಕೊಂಡು ನಿಲ್ಲುತ್ತಿದ್ದವಳು, ಈಗ ಲಾರಿ ದೇವಸ್ಥಾನದ ತಿರುವಿಗೆ ಬಂತು ಎಂದು ಸೊಸೆ ಹೇಳಿದ ಮೇಲೆಯೇ ಚಪ್ಪಲಿ ಮೆಟ್ಟುತ್ತಿದ್ದಳು. ಮಂಡಿನೋವಿನ ಡಾಕ್ಟರ ಬಳಿಗೂ ಅಷ್ಟೆ, ಮನೆಯಲ್ಲೇ ಅನ್ನ ಬೇಯಿಸಿಟ್ಟು, ತನ್ನ ನಂಬರಿಗೆ ಇನ್ನು ಐದೇ ಜನ ಎನ್ನುವಾಗ ಹೊರಟರೆ ಸಾಕಿತ್ತು. ಇದಕ್ಕೆಲ್ಲ ಯಾರಿಗೂ ಏನೂ ಕೊಡಬೇಕಾಗಿಲ್ಲ, ಎಲ್ಲ ಇಂಟರ್ನೆಟ್ಟಿನ ಬಿಟ್ಟಿ ಸೈಟುಗಳು ಎಂದು ಸೊಸೆ ಹೇಳಿದಾಗ ಗುಯ್‌ಮೋಯ್ ನಂಬಿರಲಿಲ್ಲ.

ಅವಳ ಗಂಡ ಜಿನ್‌ಹೊ ಮಾತ್ರ ಬಿಟ್ಟಿ ಎಂಬ ಮಾತಿಗೇ ಮೂಗು ಮುರಿಯುತ್ತಿದ್ದ. ಹಾಗೆಂದು ಬಳಸದೆ ಇರುತ್ತಿದ್ದನೇ? ಶಿನ್‌ಪು ಊರಿನಲ್ಲಿ ಆಶ್ವೀಜ ಮುಗಿಯುತ್ತಿದ್ದಂತೆ ಬೆಟ್ಟದಿಂದ ಒಣಗಾಳಿ ಇಳಿಯುತ್ತದೆ. ಮನೆಮನೆಯ ಅಂಗಳದಲ್ಲೂ ಸಿಪ್ಪೆ ಸುಲಿದ ಪರ್ಸಿಮನ್ ಹಣ್ಣುಗಳು ದೊಡ್ಡ ದೊಡ್ಡ ಬಿದಿರ ಮೊರಗಳಲ್ಲಿ ಒಣಗಲು ಕೂರುತ್ತವೆ. ಗಾಳಿ ಕೈಕೊಟ್ಟು ತೇವ ಬಂದರೆ ಹಣ್ಣಿಗೆ ಬೂಷ್ಟು. ಆದ್ದರಿಂದ ದಿನಾ ಬೆಳಿಗ್ಗೆ ಗಂಜಿ ಕುಡಿಯುತ್ತ, ಸೊಸೆಯ ಕಡೆ ನೋಡದೆ, ನಿನ್ನ ಬಿಟ್ಟಿ ಸೈಟು ಇವತ್ತು ಗಾಳಿಯ ಬಗ್ಗೆ ಏನು ಬೊಗಳುತ್ತೆ ಎಂದು ಕೇಳುವುದು ಆತನ ಪದ್ಧತಿ. ಅವಳು ಗಂಟೆಗಂಟೆಯ ಲೆಕ್ಕ ಹೇಳಿದರೆ ಅದರಂತೆಯೇ ಮೊರ ಹರಡುತ್ತಿದ್ದ, ಒಳಗೆ ಎಳೆಯುತ್ತಿದ್ದ.

ಶುಯ್‌ಚಿನ್ ಆ ಕಡೆಯವಳು, ಎಂದರೆ ಸಮುದ್ರದಾಚೆಯ ಚೀನೀ ನೆಲದ ಹುನಾನ್ ಪ್ರಾಂತ್ಯದವಳು. ಹನ್ನೊಂದು ವರ್ಷದ ಹಿಂದೆ ಮಗ ಶೌಮಿನ್‌ನನ್ನು ಕಟ್ಟಿಕೊಂಡು ಬಂದಳು. ಗಂಡ ತರಕಾರಿ ಸಾಗಿಸುವ ವ್ಯಾನ್ ಓಡಿಸುತ್ತಾನೆ, ಇವಳು ಮನೆಯಲ್ಲಿ ಹಣ್ಣಿನ ಕೆಲಸ ಮಾಡುತ್ತಾಳೆ. ಒಂಬತ್ತು ವರ್ಷದ ಮಗಳಿದ್ದಾಳೆ, ಪೇಯ್‌ರು. ಅತ್ತೆಮಾವಂದಿರನ್ನು ಅಮ್ಮ, ಅಪ್ಪ ಎಂದೇ ಕರೆಯುತ್ತಾಳೆ. ಮೆಣಸಿನಕಾಯಿ ಒಂದು ಹಿಡಿ ಹೆಚ್ಚಾಯಿತೆಂಬ ದೂರು ಬಿಟ್ಟರೆ ಅವಳ ಮೇಲೆ ಮನೆಯಲ್ಲಿ ಹೇಳಿಕೊಳ್ಳುವಂಥ ದೂರು ಇರಲಿಲ್ಲ, ವಂಶಪುಸ್ತಕದ ಕೆಲಸ ಬರುವತನಕ.

ಫಾನ್ ಕುಲದವರು ಮೂವತ್ತು ವರ್ಷಕ್ಕೊಮ್ಮೆ ವಂಶಪುಸ್ತಕ ಅಚ್ಚು ಹಾಕಿಸುತ್ತಾರೆ. ಕಳೆದ ಪುಸ್ತಕದಲ್ಲಿ ಜಿನ್‌ಹೊನ ಹೆಸರಿನ ಪಕ್ಕ ‘ಲ್ಯೂ ಮನೆತನದವಳು’ ಎಂದಷ್ಟೇ ಇತ್ತು. ಆ ಲ್ಯೂ ಮನೆತನದವಳು ಗುಯ್‌ಮೋಯ್. ಅವಳೊಬ್ಬಳೇ ಅಲ್ಲ, ಆ ಪುಸ್ತಕದಲ್ಲಿ ಯಾವ ಸೊಸೆಗೂ ಹೆಸರಿರಲಿಲ್ಲ, ಹೆಣ್ಣುಮಕ್ಕಳಂತೂ ಹುಟ್ಟೇ ಇರಲಿಲ್ಲ. ಈ ಸಲ ಸಮಿತಿಯವರು ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ ಪೂರ್ತಿ ಹೆಸರಿನೊಂದಿಗೆ ಸೇರಿಸಬಹುದು ಎಂದರು. ಗುಯ್‌ಮೋಯ್ ಕೇಳಿ ಸುಮ್ಮನೆ ಮೂಲಂಗಿ ತುರಿಯುತ್ತಿದ್ದಳು. ಒಳಗೆ ಮಾತ್ರ, ಎಪ್ಪತ್ತನೇ ವಯಸ್ಸಿನಲ್ಲಿ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುತ್ತೇನೆಂದು ಚಿಕ್ಕ ಹುಡುಗಿಯ ಹಾಗೆ ಖುಷಿಪಟ್ಟಿದ್ದಳು.

ಮೂರನೇ ಕವಲಿಗೆ ಜಿನ್‌ಹೊನೇ ಹಿರಿಯ. ಇನ್ನೂರು ಚಿಲ್ಲರೆ ಹೆಸರುಗಳ ಪಟ್ಟಿ ಮಾಡಿ ಕೊಡುವ ಹೊಣೆ ಅವನ ಮೇಲೆ ಬಿತ್ತು. ಕೈ ನಡುಗುತ್ತದೆ, ಒಂದು ಪುಟಕ್ಕೆ ಒಂದು ಬೆಳಿಗ್ಗೆ ಬೇಕು. ಸೊಸೆಯೇ ಮುಂದೆ ಬಂದು, ಕೊಡಿ ಅಪ್ಪ, ನಾನು ಮಾಡುತ್ತೇನೆ ಎಂದಳು. ಹಳೆಯ ಕೈಬರಹದ ಹಾಳೆಗಳ ಫೋಟೋ ಹೊಡೆದಳು. ಫೋಟೋದೊಳಗಿನ ಅಕ್ಷರ ಎತ್ತಿಕೊಡುವ ಸೈಟು ಒಂದಿತ್ತಂತೆ, ಅದೂ ಬಿಟ್ಟಿ. ಹಾಳೆಗಳಲ್ಲಿ ಹೆಂಗಸರ ಹೆಸರು ಇರಲಿಲ್ಲವಾದ್ದರಿಂದ ಎರಡು ವಾರ ಮನೆಮನೆಗೆ ಫೋನು ಮಾಡಿ ಅರವತ್ತು ಜನರ ಹೆಸರನ್ನು, ಅಕ್ಷರ ಅಕ್ಷರ ಬಿಡಿಸಿ ಕೇಳಿ, ಸೇರಿಸಿದಳು. ಆಮೇಲೆ ಅತ್ತೆ ಸೊಸೆ ಇಬ್ಬರೂ ಹಣ್ಣು ಸುಲಿಯುತ್ತಲೇ ಪರೀಕ್ಷೆ ಮಾಡಿದರು. ಗುಯ್‌ಮೋಯ್ ಹಾಳೆ ನೋಡಿ ಓದುವುದು, ಶುಯ್‌ಚಿನ್ ಫೋನಿನಲ್ಲಿ ನೋಡಿ ಹೂಂಗುಡುವುದು. ಒಂದು ಹೆಸರೂ ತಪ್ಪಿರಲಿಲ್ಲ.

ಆದರೆ ಆ ಸೈಟು ಎತ್ತಿಕೊಟ್ಟದ್ದು, ಅವಳು ಸೇರಿಸಿದ್ದು ಎಲ್ಲ ಇದ್ದದ್ದು ಕಿರುಬರಹದಲ್ಲಿ. ಆ ಕಡೆ ಚೀನೀ ಅಕ್ಷರದ ಗೆರೆಗಳನ್ನು ಕಡಿಮೆ ಮಾಡಿ ಬರೆಯುತ್ತಾರೆ, ಅವಳ ಕೈಗೆ ಬಾಲ್ಯದಿಂದ ಅದೇ ರೂಢಿ. ಈ ಕಡೆ ಹಳೆಯ ತುಂಬುಬರಹ. ಕಿರುಬರಹವನ್ನು ಒಂದೇ ಏಟಿಗೆ ತುಂಬುಬರಹ ಮಾಡಿಕೊಡುವ ಸೈಟೂ ಇತ್ತು. ಅದಕ್ಕೆ ಹಾಕಿ, ಬಂದದ್ದನ್ನು ಇನ್ನೊಮ್ಮೆ ನೋಡಬೇಕೆಂದು ಅವಳು ಕೂತಾಗ ಬೀದಿಯಲ್ಲಿ ಕಸದ ಲಾರಿಯ ಪಿಯಾನೋ ರಾಗ ಕೇಳಿತು. ಎರಡು ದಿನದ ಹಣ್ಣಿನ ಸಿಪ್ಪೆ ಕೊಳೆತು ನಾರುತ್ತಿತ್ತು. ಚೀಲ ಎತ್ತಿಕೊಂಡು ನಿಂತಿದ್ದ ಗುಯ್‌ಮೋಯ್ ಗದರಿದಳು.

“ಇನ್ನೇನೇ ನೋಡೋದು, ಎಲ್ಲ ನೋಡಿ ಆಯ್ತಲ್ಲ. ಕಳಿಸಿಬಿಡು ಮಾರಾಯ್ತಿ, ಲಾರಿ ಹೋಗುತ್ತೆ.”

ಶುಯ್‌ಚಿನ್ ಪಟ್ಟಿಯನ್ನು ಅಚ್ಚಿನವರಿಗೆ ಕಳಿಸಿಬಿಟ್ಟಳು. ಇಬ್ಬರೂ ಒಂದೊಂದು ಚೀಲ ಹಿಡಿದು ಓಡಿದರು.

ಮೂರು ವಾರ ಕಳೆದು ಅಚ್ಚಿನವರು ಕರಡು ಕಳಿಸಿದರು. ಜಿನ್‌ಹೊ ಹೊಸ ಕೋಟು ತೊಟ್ಟುಕೊಂಡು ಸಮಿತಿಯ ಸಭೆಗೆ ಹೋದ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದಾಗ ಹಿಂತಿರುಗಿದವನು ಕೋಟು ಬಿಚ್ಚಲಿಲ್ಲ. ಅಗಲ ಅಕ್ಕಿಶಾವಿಗೆಯ ಬಾಣಲೆ ಮತ್ತು ಉಪ್ಪು ಹಾಕಿದ ಸಾಸಿವೆಸೊಪ್ಪಿನ ಬಟ್ಟಲ ನಡುವೆ ಕಾಗದದ ಕಟ್ಟು ಎಸೆದ. ಸಾರು ಚೆಲ್ಲಿ ಮೇಲಿನ ಹಾಳೆ ನೆನೆಯಿತು.

“ಓದು,” ಎಂದ ಸೊಸೆಗೆ. “ಮೊದಲನೇ ಅಕ್ಷರ ಓದು.”

“ಫಾನ್,” ಎಂದಳು ಅವಳು. ಎಂದವಳ ಮುಖ ಹಾಗೆಯೇ ಬಿಳಿಚಿಕೊಂಡಿತು.

“ಯಾವ ಫಾನ್?”

ಗುಯ್‌ಮೋಯ್ ಬಗ್ಗಿ ನೋಡಿದಳು. ಫಾನ್ ಎಂಬ ಸದ್ದಿಗೆ ತುಂಬುಬರಹದಲ್ಲಿ ಎರಡು ಅಕ್ಷರಗಳಿವೆ. ನೆತ್ತಿಯ ಮೇಲೆ ಹುಲ್ಲಿನ ಗುರುತು ಹೊತ್ತದ್ದು ಕುಲದ ಹೆಸರು, ಅವರ ಹಣ್ಣಿನ ಡಬ್ಬಿಗಳ ಮೇಲೆಲ್ಲ ಇರುವುದು. ಬಿದಿರಿನ ಗುರುತು ಹೊತ್ತದ್ದು ಬೇರೆ, ಅದಕ್ಕೆ ಮಾದರಿ ಎಂದರ್ಥ, ಅದು ಯಾರ ಕುಲವೂ ಅಲ್ಲ. ಕಿರುಬರಹದಲ್ಲಿ ಇವೆರಡಕ್ಕೂ ಒಂದೇ ಅಕ್ಷರ. ಬಿಟ್ಟಿ ಸೈಟಿಗೆ ಇದೆಲ್ಲ ಏನು ಗೊತ್ತು? ಮೂರನೇ ಕವಲಿನ ಇನ್ನೂರು ಜನರ ತಲೆಯ ಮೇಲೂ, ಸತ್ತವರು ಬದುಕಿದವರು ಎನ್ನದೆ, ಬಿದಿರು ನೆಟ್ಟು ಕಳಿಸಿತ್ತು.

ಸಭೆಯಲ್ಲಿ ಏನಾಯಿತೆಂದು ಜಿನ್‌ಹೊ ಹೇಳಿದ. ದಾಯಾದಿ ಜಿನ್‌ಬಾವ್ ಕರಡನ್ನು ಎತ್ತಿ ಹಿಡಿದು, ಮೂರನೇ ಕವಲಿನವರು ಇನ್ನು ಮೇಲೆ ನಮ್ಮವರಲ್ಲವಂತೆ, ಬಿದಿರುಮೆಳೆಯವರಂತೆ, ಸೊಸೆ ತಂದ ವರದಕ್ಷಿಣೆ ಇದು ಎಂದನಂತೆ. ಮೂವತ್ತು ಜನ ನಕ್ಕರಂತೆ.

“ಅಪ್ಪ, ತಪ್ಪು ನಂದೇ,” ಎಂದಳು ಶುಯ್‌ಚಿನ್. “ಆದ್ರೆ ಸರಿ ಮಾಡೋದು ಒಂದು ನಿಮಿಷದ ಕೆಲಸ. ಒಂದು ಅಕ್ಷರ ಬದಲಾಯಿಸಿದ್ರೆ ಎಲ್ಲ ಕಡೆ ಬದಲಾಗುತ್ತೆ.”

ಆ ಮಾತು ಆಡಬಾರದಿತ್ತು. ಆತನ ಸಿಟ್ಟು ನೆತ್ತಿಗೇರಿತು.

“ಒಂದು ನಿಮಿಷದಲ್ಲಿ ಕುಲ ಕೆಡಿಸಿ ಒಂದು ನಿಮಿಷದಲ್ಲಿ ಸರಿ ಮಾಡ್ತೀಯೇನು? ಇದು ಕಸದ ಲಾರಿ ಅಂದ್ಕೊಂಡ್ಯಾ? ಹನ್ನೊಂದು ವರ್ಷ ಈ ಮನೆ ಅನ್ನ ತಿಂದು ಮನೆ ಹೆಸರು ಯಾವುದು ಅಂತ ಗೊತ್ತಿಲ್ಲ ನಿಂಗೆ. ಬಿಡು, ನಾನೇ ಬರೀತೀನಿ. ಕೈಯಲ್ಲೇ ಬರೀತೀನಿ. ಹಿಂದೆ ಹೇಗಿತ್ತೋ ಹಾಗೆ.”

ಹಿಂದೆ ಇದ್ದ ಹಾಗೆ ಎಂದರೆ ಏನೆಂದು ಮಗ ಶೌಮಿನ್ ಮೆಲ್ಲಗೆ ಕೇಳಿದ. ಗಂಡಸರ ಹೆಸರು, ಹೆಂಗಸರ ಮನೆತನ, ಅಷ್ಟೆ ಎಂದು ಉತ್ತರ ಬಂತು. ಸಮಿತಿಯೂ ಅದು ಆಯಾ ಕವಲಿನ ಇಷ್ಟ ಎಂದಿದೆಯಂತೆ.

ಸೊಸೆಯನ್ನು ಅವಸರಪಡಿಸಿದ್ದು ತಾನು ಎಂದು ಗುಯ್‌ಮೋಯ್ ಆಗಲೇ ಹೇಳಬೇಕಿತ್ತು. ಮಾತು ಬಾಯಿಯ ತನಕ ಬಂತು ಕೂಡ. ಶುಯ್‌ಚಿನ್ ಅವಳತ್ತ ಒಮ್ಮೆ ನೋಡಿದಳು, ನೋಡಿ ಕಣ್ಣು ತಗ್ಗಿಸಿ ನೆನೆದ ಹಾಳೆಯನ್ನು ಒರೆಸತೊಡಗಿದಳು. ಗುಯ್‌ಮೋಯ್ ಹೆದರಿ ಬಾಯಿ ಮುಚ್ಚಿಕೊಂಡಳು. ನಲವತ್ತೆಂಟು ವರ್ಷ ಆ ಗಂಡನ ಕೋಪ ನೋಡಿದವಳು ಅವಳು, ಹೆದರಿಕೆ ಎಂಬುದು ಕೈಗೆ ಹತ್ತಿದ ಹಣ್ಣಿನ ಕರೆಯಂತೆ ತೊಳೆದರೂ ಹೋಗುತ್ತಿರಲಿಲ್ಲ.

ಅಂದಿನಿಂದ ಜಿನ್‌ಹೊ ಸೊಸೆ ಬಡಿಸಿದ್ದನ್ನು ಮುಟ್ಟಲಿಲ್ಲ. ಬರೀ ಅನ್ನಕ್ಕೆ ಕಿತ್ತಳೆ ಗೊಜ್ಜು ಕಲಸಿಕೊಂಡು ತಿನ್ನುತ್ತಿದ್ದ. ಮೀನು ಬೇಯಿಸಿದರೂ ಅಷ್ಟೆ, ಕೋಳಿ ಬೇಯಿಸಿದರೂ ಅಷ್ಟೆ. ತಿಂದು ಮುಂದಿನ ಕೋಣೆಗೆ ಹೋಗಿ ಪಿತೃಗಳ ಪೀಠದ ಕೆಳಗಿನ ಮೇಜಿನಲ್ಲಿ ಬರೆಯಲು ಕೂರುತ್ತಿದ್ದ. ಬಲಗೈ ನಡುಗದಂತೆ ಎಡಗೈಯಿಂದ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ. ಒಂದು ಗೆರೆ ಅಲುಗಿದರೆ ಇಡೀ ಹಾಳೆ ಹರಿಯುವುದು.

ಗಾಳಿಯ ವಿಷಯ ಕೇಳುವುದನ್ನೂ ಬಿಟ್ಟ. ಅವಳೂ ಹೇಳುವುದನ್ನು ಬಿಟ್ಟಳು. ಹೇಳಬಾರದೇನೇ ಎಂದು ಗುಯ್‌ಮೋಯ್ ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ, ಕೇಳದವರಿಗೆ ಹೇಳಿ ನನ್ನ ಬಿಟ್ಟಿ ಸೈಟಿಗೆ ಇನ್ನಷ್ಟು ಅವಮಾನ ಮಾಡಿಸಲೇ ಅಮ್ಮ ಎಂದಳು. ಎರಡನೇ ವಾರ, ಎಲ್ಲರೂ ಮದುವೆಮನೆಗೆ ಹೋಗಿದ್ದಾಗ, ಜಿನ್‌ಹೊ ಆಕಾಶ ನೋಡಿ ಹರಡಿದ ಮೊರಗಳ ಮೇಲೆ ಜಿನುಗು ಹನಿ ಬಿತ್ತು. ನಾಲ್ಕು ದಿನದಲ್ಲಿ ಹನ್ನೆರಡು ಮೊರ ಹಣ್ಣಿಗೂ ಹಸಿರು ಬೂಷ್ಟು ಬಂತು. ಆತ ಒಂದು ಮಾತೂ ಆಡದೆ ಅವನ್ನು ಗುಂಡಿಗೆ ಸುರಿದ. ಸೊಸೆಯೂ ಒಂದು ಮಾತಾಡದೆ ಮೊರಗಳನ್ನು ತಿಕ್ಕಿ ತೊಳೆದಳು. ಒಬ್ಬರಿಗೊಬ್ಬರು ಬೈದಾಡಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಗುಯ್‌ಮೋಯ್‌ಗೆ ಅನ್ನಿಸಿತು.

ಬೈದಾಟವೂ ಬಂತು. ಒಂದು ಭಾನುವಾರ ಊಟದ ನಡುವೆ ಪೇಯ್‌ರು ತಾತನನ್ನೇ ಕೇಳಿಬಿಟ್ಟಳು. ಶಾಲೆಯಲ್ಲಿ ಕುಲವೃಕ್ಷ ಬರೆಯಲು ಹೇಳಿದ್ದರಂತೆ.

“ಅಕುಂಗ್, ದೊಡ್ಡ ಪುಸ್ತಕದಲ್ಲಿ ನನ್ನ ಹೆಸರು ಯಾವ ಪುಟದಲ್ಲಿ ಬರುತ್ತೆ?”

“ನೀನು ಮುಂದೆ ಗಂಡನ ಮನೆ ಪುಸ್ತಕಕ್ಕೆ ಹೋಗ್ತೀಯ,” ಎಂದ ಜಿನ್‌ಹೊ.

“ಅಲ್ಲಿ ಬರೀತಾರಾ?”

ಶುಯ್‌ಚಿನ್ ಚಾಪ್‌ಸ್ಟಿಕ್ ಕಡ್ಡಿಗಳನ್ನು ಬಟ್ಟಲ ಮೇಲೆ ಅಡ್ಡ ಇಟ್ಟಳು.

“ಬರೆಯೋದಿಲ್ಲ ಮಗಳೇ. ಹುನಾನಲ್ಲಿ ನಮ್ಮಪ್ಪನ ಪುಸ್ತಕದಲ್ಲಿ ನಾನಿಲ್ಲ, ಹೆಣ್ಣು ಅಂತ. ಇಲ್ಲಿ ಈ ಪುಸ್ತಕದಲ್ಲೂ ನಾನಿಲ್ಲ. ನಂದು ಆಯ್ತು, ಹೋಗ್ಲಿ. ಅಪ್ಪ, ಅರವತ್ತು ಜನ ಹೆಂಗಸರಿಗೆ ನಾನು ಫೋನು ಮಾಡಿದ್ದೀನಿ. ಒಬ್ಬಳು ಅತ್ತಳು ಗೊತ್ತಾ, ನನ್ನ ಹೆಸರು ಕೇಳಿದವರೇ ಇಲ್ಲ ಅಂತ. ನನ್ನ ತಪ್ಪಿಗೆ ನನ್ನ ಬೈಯಿರಿ. ಅವರೇನು ಮಾಡಿದ್ರು, ಈ ಮಗು ಏನು ಮಾಡ್ತು?”

“ಬಾಯಿ ಮುಚ್ಚು,” ಎಂದ ಜಿನ್‌ಹೊ. ಶೌಮಿನ್ ಅಪ್ಪನನ್ನೂ ಹೆಂಡತಿಯನ್ನೂ ನೋಡಿ, ವ್ಯಾನಿನ ಗಾಳಿ ನೋಡಬೇಕೆಂದು ಎದ್ದುಹೋದ. ಇಂಥ ಹೊತ್ತಿನಲ್ಲಿ ಅವನ ವ್ಯಾನಿಗೆ ಯಾವಾಗಲೂ ಗಾಳಿ ಕಡಿಮೆಯಾಗುತ್ತಿತ್ತು.

ಮರುದಿನ ಗುಯ್‌ಮೋಯ್ ಪಾತ್ರೆ ಒರೆಸುತ್ತ ಸೊಸೆಯ ಭುಜದ ಮೇಲಿಂದ ಫೋನಿನೊಳಗೆ ಇಣುಕಿದಳು. ಯಾವ ವಿಮಾನಕ್ಕೆ ಎಲ್ಲಿ ಅಗ್ಗ ಎಂದು ಹೋಲಿಸಿ ತೋರಿಸುವ ಪುಟ. ಚಳಿಗಾಲದ ರಜೆಗೆ ತವರಿಗೋ ಎಂದು ಕೇಳಿದಳು. ಹೂಂ, ನಾನು ಮತ್ತೆ ಪೇಯ್‌ರು ಎಂದಳು ಶುಯ್‌ಚಿನ್. ವಾಪಸು ಯಾವತ್ತು ಎಂದು ಗುಯ್‌ಮೋಯ್ ಕೇಳಿದಳು.

“ಹೋಗೋದಷ್ಟೇ ನೋಡಿದ್ದೀನಿ ಅಮ್ಮ. ಬರೋದು ಇನ್ನೂ ನೋಡಿಲ್ಲ.”

ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಗುಯ್‌ಮೋಯ್‌ಗೆ ಅಷ್ಟು ಭಯವಾಗುತ್ತಿರಲಿಲ್ಲ. ಶಾಲೆಯಿಂದ ಬಂದ ಮೊಮ್ಮಗಳು ಅಜ್ಜಿಯನ್ನು ಅಪೋ ಎಂದು ಕೂಗಿ, ಹಸಿವು ಎಂದಾಗ ಅಕ್ಕಿಹಿಟ್ಟಿನ ಉಂಡೆ ಕೊಡುತ್ತ, ಈ ಸದ್ದು ಈ ಮನೆಯಲ್ಲಿ ಇನ್ನೆಷ್ಟು ದಿನವೋ ಎಂದು ಕಣ್ಣು ತುಂಬಿಕೊಂಡಳು. ತನ್ನ ಒಂದು ಅವಸರದ ಮಾತು, ಆಮೇಲಿನ ಒಂದು ಹೇಡಿತನ, ಅದಕ್ಕೆ ಮಗುವನ್ನು ತೆರಬೇಕೇ?

ಹಾಳೆಗಳನ್ನು ಒಪ್ಪಿಸುವ ಕಡೆಯ ದಿನ ಬಂತು. ಬೆಳಿಗ್ಗೆ ಜಿನ್‌ಹೊ ಕೊನೆಯ ಪುಟ ಮುಗಿಸಲು ಕೂತಿದ್ದ. ಹೊರಗೆ ಒಳ್ಳೆಯ ಗಾಳಿ ಎದ್ದಿತ್ತು, ಹಣ್ಣುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ಮೆದು ಮಾಡುವ ದಿನ. ಗುಯ್‌ಮೋಯ್ ಅಂಗಳಕ್ಕೆ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಗಂಡನ ಎದುರು ಕೂತಳು.

“ಶೌಮಿನ್ ಅಮ್ಮ, ಹಣ್ಣು ಒತ್ತೋರು ಯಾರು?” ಎಂದ ಆತ ತಲೆ ಎತ್ತದೆ.

“ಒತ್ತೋದಿಲ್ಲ. ನಿಮ್ಮ ಹತ್ರ ಮಾತಿದೆ. ಆವತ್ತು ಅವಳು ಇನ್ನೊಂದು ಸಲ ನೋಡ್ತೀನಿ ಅಂದ್ಲು. ಬೇಡ, ಕಳಿಸು ಅಂತ ಗದರಿದ್ದು ನಾನು. ಲಾರಿ ಬಂದಿತ್ತು. ಅವಳು ಇಷ್ಟು ದಿನ ನನ್ನ ಹೆಸರು ಎತ್ತಲಿಲ್ಲ, ನಾನೂ ಬಾಯಿ ಬಿಡಲಿಲ್ಲ.”

ಜಿನ್‌ಹೊ ಪೆನ್ನು ಕೆಳಗಿಟ್ಟ. ಗುಯ್‌ಮೋಯ್ ನಿಲ್ಲಿಸಲಿಲ್ಲ. ಸೊಸೆ ಟಿಕೆಟ್ ನೋಡುತ್ತಿದ್ದಾಳೆ, ಹೋಗುವುದಕ್ಕೆ ಮಾತ್ರ, ಎಂದಳು. ಮಗು ಹೋದರೆ ಈ ಪುಸ್ತಕ ಯಾರಿಗೆ ಓದಿಸುತ್ತೀರಿ ಎಂದು ಕೇಳಿದಳು. ಕೊನೆಗೆ, ಯಾವತ್ತೂ ಬಾಯಿಬಿಟ್ಟು ಕೇಳದಿದ್ದದ್ದನ್ನೂ ಕೇಳಿದಳು.

“ನನಗೂ ನನ್ನ ಹೆಸರು ಬೇಕು ಆ ಪುಸ್ತಕದಲ್ಲಿ. ಲ್ಯೂ ಮನೆತನದವಳು ಅಂದ್ರೆ ಯಾರು? ನಮ್ಮ ತಂಗಿಯೂ ಅವಳೇ, ಅಕ್ಕನೂ ಅವಳೇ.”

ಆತನ ಮುಖದಲ್ಲಿ ಏನೇನೋ ಬಂದು ಹೋಯಿತು. ಟಿಕೆಟ್ಟಿನ ಮಾತು ನಾಟಿತ್ತು, ಆದರೆ ಸೋಲಲು ಮನಸ್ಸಿಲ್ಲ. ಸರಿ, ನಿನ್ನದೊಂದು ಬರೆಯುತ್ತೇನೆ, ಹೊತ್ತಾಗುತ್ತೆ, ಎದ್ದು ಕೆಲಸ ನೋಡು ಎಂದು ಗೊಣಗಿದ. ಎಡಗೈಯಿಂದ ಮಣಿಕಟ್ಟು ಹಿಡಿದು, ಉಸಿರು ಬಿಗಿಹಿಡಿದು, ಲ್ಯೂ ಎಂಬುದರ ಕೆಳಗೆ ಎರಡಕ್ಷರ ಬರೆದ. ಶಾಯಿ ಆರಲೆಂದು ಊದಿ, ಹಾಳೆಯನ್ನು ಅವಳ ಕಡೆ ತಿರುಗಿಸಿದ.

ಗುಯ್‌ಮೋಯ್ ಹಾಳೆಯನ್ನು ಹತ್ತಿರ ಎಳೆದುಕೊಂಡು ನೋಡಿದಳು.

“ಇದ್ಯಾರು?”

“ಯಾರು ಅಂದ್ರೆ? ನೀನೇ.”

“ಇದು ಮರದ ಗುರುತಿರೋ ಗುಯ್. ಹೂವಿನ ಮರ. ಇದು ನಾನಲ್ಲ.”

ಜಿನ್‌ಹೊ ಹುಬ್ಬು ಗಂಟಿಕ್ಕಿದ. “ಗುಯ್‌ಮೋಯ್ ಅಂದ್ರೆ ಇದೇ ತಾನೆ? ಊರಲ್ಲಿ ಎಲ್ಲ ಗುಯ್‌ಮೋಯ್‌ಗಳೂ ಇದನ್ನೇ ಬರೆಯೋದು.”

“ಅವರು ಬರೀತಾರೆ.”

“ಮತ್ತೆ ನಿಂದು ಯಾವುದು?”

“ನಿಮ್ಮ ಜೇಬಲ್ಲಿದೆ,” ಎಂದಳು ಗುಯ್‌ಮೋಯ್. “ಗುರುತಿನ ಚೀಟಿ ತೆಗೀರಿ. ಹಿಂದೆ ತಿರುಗಿಸಿ. ಹೆಂಡತಿ ಅಂತ ಬರೆದಿರೋ ಕಡೆ ನೋಡಿ.”

ಆತ ಚರ್ಮದ ಚೀಲ ತೆಗೆದ. ಅದರಿಂದ ಚೀಟಿ ಈಚೆಗೆ ಬರಲು ಹೊತ್ತು ಹಿಡಿಯಿತು, ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಮುಂಬದಿಯಲ್ಲಿ ತನ್ನ ಫೋಟೋ, ತನ್ನ ಹೆಸರು. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮತ ಹಾಕುವಲ್ಲಿ ಸಾವಿರ ಸಲ ಆ ಮುಂಬದಿಯನ್ನೇ ತೋರಿಸಿದ್ದ. ತಿರುಗಿಸಿ ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ. ಅಲ್ಲಿದ್ದ ಗುಯ್‌ಗೆ ಮರವಿರಲಿಲ್ಲ. ಬೆಲೆಬಾಳುವುದು ಎಂಬರ್ಥದ ಗುಯ್ ಅದು.

“ಹೆಣ್ಣು ಸಾಕಪ್ಪ ಅಂತ ಹೆಸರಿಡ್ತಿದ್ದ ಕಾಲದಲ್ಲಿ ನಮ್ಮಪ್ಪ ಹುಡುಕಿ ಇಟ್ಟಿದ್ದು ಅದು,” ಎಂದಳು ಅವಳು. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು, ಎರಡನ್ನೂ ಅವಳು ತಡೆಯಲಿಲ್ಲ. “ಆ ಕರಡಲ್ಲಿ ಸರಿಯಾಗೇ ಇತ್ತು ರೀ. ನಾನು ನೋಡ್ದೆ. ಅವಳ ಬಿಟ್ಟಿ ಸೈಟಿಗೆ ಗೊತ್ತಿತ್ತು ನನ್ನ ಹೆಸರು. ನಿಮಗೆ ಗೊತ್ತಿರಲಿಲ್ಲ.”

ಜಿನ್‌ಹೊ ಹಾಳೆ ನೋಡಿದ, ಚೀಟಿ ನೋಡಿದ. ಒಂದು ತಿಂಗಳು ಮಣಿಕಟ್ಟು ಹಿಡಿದು ಬರೆದ ಪುಟಗಳನ್ನು ಮೊದಲಿನಿಂದ ತಿರುವಿದ. ಚೆನ್ ಮನೆತನದವಳು, ಪೆಂಗ್ ಮನೆತನದವಳು, ಲಿನ್ ಮನೆತನದವಳು. ತನ್ನ ಸ್ವಂತ ತಾಯಿಯ ಸಾಲಿಗೆ ಬಂದಾಗ ಅವನ ಕೈ ನಿಂತಿತು. ಅಲ್ಲಿಂದ ಮುಂದೆ ತಿರುವಲಿಲ್ಲ.

ಅಂಗಳದಲ್ಲಿ ಶುಯ್‌ಚಿನ್ ಒಬ್ಬಳೇ ಹಣ್ಣು ಒತ್ತುತ್ತಿದ್ದಳು. ಗುಯ್‌ಮೋಯ್ ಬಾಗಿಲಲ್ಲಿ ನಿಂತು ನೋಡಿದಳು, ಗಂಡ ಕಾಗದದ ಕಟ್ಟು ಹಿಡಿದು ಮೊರಗಳ ಸಾಲನ್ನು ದಾಟಿಕೊಂಡು ಹೋಗುತ್ತಿದ್ದ. ಸೊಸೆಯ ಎದುರು ನಿಂತು ಎರಡು ಸಲ ಕೆಮ್ಮಿದ.

“ಶುಯ್‌ಚಿನ್. ಆ ಹೆಂಗಸರ ಹೆಸರೆಲ್ಲ ನಿನ್ನ ಫೋನಲ್ಲಿ ಇನ್ನೂ ಇದ್ಯಾ?”

ಇದೆ ಎಂದಳು ಅವಳು.

“ಹುಲ್ಲಿಂದು ಹಾಕಿ ಕಳಿಸು. ನಾನೂ ಪಕ್ಕದಲ್ಲಿ ಕೂತು ನೋಡ್ತೀನಿ.” ಅಷ್ಟು ಹೇಳಿ ಒಂದು ಖಾಲಿ ಹಾಳೆ, ಪೆನ್ನು ಮುಂದೆ ಚಾಚಿದ. “ಮೊದಲು ಇದರಲ್ಲಿ ನಿನ್ನ ಹೆಸರು ಬರಿ. ತುಂಬು ಅಕ್ಷರದಲ್ಲಿ. ನಂಗೆ ಗೊತ್ತಿಲ್ಲ.”

ಶುಯ್‌ಚಿನ್ ಅಂಟು ಅಂಟಾದ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು. ಪೆನ್ನು ತೆಗೆದುಕೊಂಡಳು. ಆಮೇಲೆ ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಮೊದಲು ಮಗಳ ಹೆಸರು ಬರೆದಳು.